ಆಷಾಢದ ವೀಸಾ

ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡ್ ಎದುರು ಮಿರ್ಚಿ-ಮಂಡಕ್ಕಿ ಗಾಡಿ ಇಟ್ಟುಕೊಂಡಿರುವ ನಾಗಕ್ಕನ ಮುಂದೆ ಎರಡು ವಿಷಯದಲ್ಲಿ ಯಾರೂ ಬಾಯಿ ತೆರೆಯುವಂತಿರಲಿಲ್ಲ. ಒಂದು ಮಿರ್ಚಿ ಹಿಟ್ಟಿನ ಹದ, ಇನ್ನೊಂದು ಶಾಸ್ತ್ರ. ಹಿಟ್ಟಿನ ವಿಷಯದಲ್ಲಿ ಗಂಡ ಯರ್ರೆಪ್ಪ ಒಂದೆರಡು ಸಲ ಬಾಯಿ ಹಾಕಿ ಬೈಸಿಕೊಂಡಿದ್ದ. ಶಾಸ್ತ್ರದ ತಂಟೆಗೆ ಮಾತ್ರ ಆ ಪುಣ್ಯಾತ್ಮ ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು ಎಂದು ನಾಗಕ್ಕನೇ ಅಂದುಕೊಳ್ಳುವ ದಿನ ಈ ವರ್ಷದ ಆಷಾಢದಲ್ಲಿ ಬಂತು.

ಕೊಟ್ಟೂರಿನ ಶಿವಮ್ಮ ನಾಗಕ್ಕನ ಬಾಲ್ಯದ ಗೆಳತಿ. ಒಂದೇ ಓಣಿಯಲ್ಲಿ ಹುಟ್ಟಿದವರು, ನಾಲ್ಕನೆಯ ಇಯತ್ತೆಯವರೆಗೆ ಒಂದೇ ಪಾಟಿಯ ಮೇಲೆ ಉಗುಳಿ ಒರೆಸಿ ಬರೆದವರು. ಶಿವಮ್ಮನ ಒಬ್ಬನೇ ಮಗ ಪಾಲಾಕ್ಷ ಬೋರ್‌ವೆಲ್ ಲಾರಿಯ ಮೇಲೆ ಕೆಲಸ ಕಲಿತು, ಕೂಡ್ಲಿಗಿ ಸುತ್ತಿನ ಬಂಡೆಗಳನ್ನೆಲ್ಲ ಕೊರೆದು ಕೊರೆದು ಕೈ ಪಳಗಿದ ಮೇಲೆ, ಯಾವುದೋ ಕಂಪನಿಯವರ ಜೊತೆ ಕೀನ್ಯಾ ದೇಶಕ್ಕೆ ಬಾವಿ ಕೊರೆಯಲು ಹೋದ. ಐದು ವರ್ಷ ಅಲ್ಲಿದ್ದ. ಅಲ್ಲಿನ ಊರೊಂದರಲ್ಲಿ ನೀರಿನ ಸಮಿತಿಯ ಗುಮಾಸ್ತೆ ಒಬ್ಬಳಿದ್ದಳು. ಲಾರಿಯ ಪಕ್ಕದಲ್ಲೇ ಬಿಸಿಲಿಗೆ ನಿಂತು, ನೆಲಕ್ಕಿಳಿದ ಪೈಪುಗಳನ್ನು ಒಂದೊಂದಾಗಿ ಎಣಿಸಿ ಪುಸ್ತಕಕ್ಕೆ ಬರೆದುಕೊಳ್ಳುವುದು ಅವಳ ಕೆಲಸ. ಒಂದು ದಿನ ಕಂಪನಿಯವರು ಇಪ್ಪತ್ತಮೂರು ಪೈಪು ಎಂದರು, ಅವಳು ಇಪ್ಪತ್ತೆರಡು ಎಂದಳು. ದೊಡ್ಡ ಜಗಳವಾಯಿತು. ಇಪ್ಪತ್ತೆರಡೇ ಸರಿ ಎಂದು ಅವಳ ಕಡೆ ನಿಂತವನು ಪಾಲಾಕ್ಷ ಒಬ್ಬನೇ. ಆ ಗುಮಾಸ್ತೆಯ ಹೆಸರು ಮುಥೋನಿ. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗ ಆ ದೇಶದ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದಾಗ ಶಿವಮ್ಮ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಹೊಟ್ಟೆ ಹಸಿದು, ವಿಡಿಯೋದಲ್ಲಿ ಹುಡುಗಿಯ ಮುಖ ನೋಡಿ, ‘ನಗು ಚಲೋ ಐತಿ’ ಎಂದು ಒಪ್ಪಿದಳು. ಅಲ್ಲಿ ಪಾಲಾಕ್ಷ ಹುಡುಗಿಯ ಸೋದರಮಾವಂದಿರಿಗೆ ಆಡುಗಳನ್ನು ಕೊಟ್ಟು ಒಪ್ಪಿಸಿದ್ದ. ಅಲ್ಲಿ ಗಂಡಿನವರೇ ಕೊಡಬೇಕಂತೆ. ಇದನ್ನು ಕೇಳಿ ನಾಗಕ್ಕನಿಗೆ ಆ ದೇಶದ ಮೇಲೆ ಒಮ್ಮೆಲೇ ಗೌರವ ಬಂತು. ನಮ್ಮ ಅಜ್ಜಿಯರ ಕಾಲದಲ್ಲೂ ತೆರ ಕೊಟ್ಟೇ ಹೆಣ್ಣು ತರುತ್ತಿದ್ದರು, ನಾವು ಬುದ್ಧಿ ಕೆಟ್ಟು ಬಿಟ್ಟೆವು ಎಂದು ಗಾಡಿಗೆ ಬಂದವರಿಗೆಲ್ಲ ಒಂದು ವಾರ ಹೇಳಿದಳು.

ಹುಡುಗಿ ಏಪ್ರಿಲ್ ನಡುವಿನಲ್ಲಿ ಪ್ರವಾಸಿ ವೀಸಾದ ಮೇಲೆ ಬಂದಿಳಿದಳು. ತೊಂಬತ್ತು ದಿನ ಇರಲು ಅಪ್ಪಣೆ. ಕಾಗದದ ಕೆಲಸವನ್ನೆಲ್ಲ ಹೊತ್ತವನು ಪಾಲಾಕ್ಷನ ಗೆಳೆಯ ಇಸ್ರಾರ. ಕೊಟ್ಟೂರಿನಲ್ಲಿ ಅವನದೊಂದು ಆನ್‌ಲೈನ್ ಸೆಂಟರು. ಪಹಣಿ, ಆಧಾರ್, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಏನು ಬೇಕೋ ಅದು. ಒಂದು ವೀಸಾ ಮಾತ್ರ ಅವನು ಅಲ್ಲಿಯವರೆಗೆ ಮಾಡಿಸಿರಲಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಸರ್ಕಾರದವರು ಓದಿಯೇ ಈ ನಿಯಮ ಮಾಡಿದ್ದಾರೆ ಎಂದು ಅವನು ನಗುತ್ತಿದ್ದ. ಹೆಂಡತಿಯೆಂದು ವೀಸಾ ಕೇಳಬೇಕಾದರೆ ಮದುವೆಯ ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟು ಬೇಕಾದರೆ ಮೊದಲು ಒಂದು ತಿಂಗಳು ಇಲ್ಲಿ ವಾಸವಿರಬೇಕು, ಆಮೇಲೆ ನೋಟೀಸು ಬೋರ್ಡಿಗೆ ಹಚ್ಚಿ ಇನ್ನೊಂದು ತಿಂಗಳು ಕಾಯಬೇಕು, ಆಕೆಗೆ ಬೇರೆ ಮದುವೆಯಾಗಿಲ್ಲವೆಂದು ನೈರೋಬಿಯಿಂದ ಪತ್ರ ಬರಬೇಕು. ಎಲ್ಲ ಮುಗಿದು ಸಬ್ ರಿಜಿಸ್ಟ್ರಾರರ ಮುಂದೆ ಇಬ್ಬರೂ ಸಹಿ ಹಾಕುವ ಹೊತ್ತಿಗೆ ಜೂನ್ ಹತ್ತೊಂಬತ್ತಾಗಿತ್ತು. ತೊಂಬತ್ತರಲ್ಲಿ ಉಳಿದದ್ದು ಇಪ್ಪತ್ತನಾಲ್ಕು ದಿನ. ಅವತ್ತೇ ಸಂಜೆ ಇಸ್ರಾರ ಅರ್ಜಿ ಹಾಕಿದ. ಒಂದು ಪೈಸೆ ಮುಟ್ಟಲಿಲ್ಲ.

ಮರುದಿನ ಮನೆಯ ಮುಂದಿನ ಹಂದರದಲ್ಲಿ ಮದುವೆ. ಮದುವೆ ಮಾಡಿಸುವ ಅಯ್ಯನವರು ಕುಳಿತು, ಹೆಣ್ಣಿನ ಬೆಡಗು ಯಾವುದು, ಯಾವ ಕುಲದ ಬಳ್ಳಿ ಎಂದು ಕೇಳಿದರು. ಪಾಲಾಕ್ಷ ಹುಡುಗಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಅವಳ ಮುಖ ಅರಳಿತು. ತಮ್ಮಲ್ಲೂ ಬೆಡಗುಗಳಿವೆ, ಒಂಬತ್ತು, ತಮ್ಮದು ಇಂಥದು ಎಂದು ಹೇಳಿದಳು. ಅಯ್ಯನವರು ಆ ಹೆಸರನ್ನು ಎರಡು ಸಲ ಬಾಯಲ್ಲಿ ತಿರುವಿ ನೋಡಿ, ಮಂತ್ರದೊಳಗೆ ಕೂರಿಸಲಾಗದೆ, ಧಾರೆ ಎರೆಯುವವರು ಯಾರು, ಅವರ ಬೆಡಗು ಹೇಳಿರಿ ಸಾಕು ಎಂದರು. ಆಗ ಹುಡುಗಿಯ ಕಡೆ ಕುಳಿತವರು ಯಾರೆಂದು ಎಲ್ಲರೂ ತಿರುಗಿ ನೋಡಿದರು. ಯಾರೂ ಇರಲಿಲ್ಲ. ಒಂದು ಸ್ಟೂಲಿನ ಮೇಲೆ ಮೊಬೈಲು ನಿಲ್ಲಿಸಿದ್ದರು, ಅದರಲ್ಲಿ ಅವಳ ತಾಯಿ ಇನ್ನೂ ಬೆಳಕು ಹರಿಯದ ಮನೆಯಲ್ಲಿ ತಲೆಗೆ ಬಟ್ಟೆ ಕಟ್ಟಿ ಕುಳಿತಿದ್ದಳು. ಅಷ್ಟೇ.

ನಾಗಕ್ಕ ಹಿಂದೆ ನಿಂತು ಅಕ್ಕಿಕಾಳು ಹಂಚುತ್ತಿದ್ದಳು. ಅವಳಿಗೆ ಎರಡು ಗಂಡು ಮಕ್ಕಳು, ಹೆಣ್ಣಿಲ್ಲ. ಧಾರೆ ಎರೆಯುವ ಭಾಗ್ಯ ಈ ಜನ್ಮಕ್ಕಿಲ್ಲ ಎಂದು ಎಂದೋ ಅಂದುಕೊಂಡು ಸುಮ್ಮನಾದವಳು. ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟು, ಯರ್ರೆಪ್ಪನ ರಟ್ಟೆ ಹಿಡಿದು ಎಬ್ಬಿಸಿ, ಮುಂದೆ ಬಂದು ಕುಳಿತೇಬಿಟ್ಟಳು. ತಮ್ಮ ಬೆಡಗು ಹೇಳಿದಳು. ಯರ್ರೆಪ್ಪ ನೀರು ಬಿಟ್ಟ. ಮೊಬೈಲಿನಲ್ಲಿದ್ದ ತಾಯಿ ಏನೋ ಕೇಳಿದಳು. ಆ ಹೆಂಗಸು ಯಾರು ಎಂದು ಕೇಳುತ್ತಿದ್ದಾಳೆ ಎಂದ ಪಾಲಾಕ್ಷ.

“ನಾನೂ ಆಕಿ ಅವ್ವನ ಅಂತ ಹೇಳಪ,” ಎಂದಳು ನಾಗಕ್ಕ.

ಆ ತಾಯಿ ಎರಡೂ ಕೈ ಬಾಯಿಗೆ ಒತ್ತಿಕೊಂಡು ಅತ್ತಳು. ನಾಗಕ್ಕನೂ ಅತ್ತಳು. ಮುಥೋನಿಯನ್ನು ಆ ದಿನದಿಂದ ಎಲ್ಲರೂ ಮುತ್ತವ್ವ ಎಂದರು. ಅವಳೂ ಅದಕ್ಕೆ ಓಗೊಟ್ಟಳು.

ಇಲ್ಲಿಯವರೆಗೆ ಎಲ್ಲ ಸರಿ. ಮದುವೆಯಾದ ಐದನೆಯ ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, ಮರುದಿನದಿಂದ ಆಷಾಢ. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಸೊಸೆ ತವರಿಗೆ ಹೋಗಬೇಕು. ಈ ಸೊಸೆಯ ತವರು ಸಮುದ್ರದಾಚೆ ಇದೆ, ಏನು ಮಾಡುವುದು ಎಂದು ಶಿವಮ್ಮ ತಲೆ ಮೇಲೆ ಕೈ ಹೊತ್ತು ಕುಳಿತಿದ್ದಳು. ನಾಗಕ್ಕ ಆಟೋ ಮಾಡಿಸಿಕೊಂಡೇ ಬಂದಿಳಿದಳು. ಧಾರೆ ಎರೆದವರ ಮನೆಯೇ ತವರು, ಅದಕ್ಕೆ ಪಂಚಾಂಗ ನೋಡಬೇಕಿಲ್ಲ ಎಂದು ಹುಡುಗಿಯ ಚೀಲ ಕೈಗೆತ್ತಿಕೊಂಡಳು.

ಪಾಲಾಕ್ಷ ಹಿಂದೆಗೆದ. ಅರ್ಜಿ ಹಾಕಿದ್ದೇವೆ, ಪೊಲೀಸರು ಯಾವತ್ತಾದರೂ ಮನೆ ನೋಡಲು ಬರುತ್ತಾರೆ ಎಂದು ಇಸ್ರಾರ ಹೇಳಿದ್ದಾನೆ ಎಂದ. ಮೆಲ್ಲಗೇ ಹೇಳಿದ ಪಾಪ. ನಾಗಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಐದು ವರ್ಷ ಅವ್ವನ್ನ ಬಿಟ್ಟಿದ್ದಿ, ಒಂದು ತಿಂಗ್ಳು ಹೇಣ್ತೀನ ಬಿಟ್ಟಿರಾಕ ಆಗಂಗಿಲ್ಲೇನ್ಲೇ ನಿನಗ?”

ಹಂದರ ಇಳಿಸುತ್ತಿದ್ದವರೆಲ್ಲ ನಕ್ಕರು. ಪಾಲಾಕ್ಷ ಕೆಂಪಗಾಗಿ ದಾರಿ ಬಿಟ್ಟ. ಆ ಒಂದು ಮಾತಿಗೆ ಆಮೇಲೆ ನಾಗಕ್ಕ ತನ್ನ ನಾಲಿಗೆಯನ್ನು ಎಷ್ಟು ಸಲ ಬೈದುಕೊಂಡಳೋ ಲೆಕ್ಕವಿಲ್ಲ.

ಹಗರಿಬೊಮ್ಮನಹಳ್ಳಿಯ ಆ ಎಂಟು ದಿನ ಮಾತ್ರ ಸುಖದ ದಿನಗಳು. ಮುತ್ತವ್ವ ಬೆಳಗ್ಗೆ ಎದ್ದು ನಾಗಕ್ಕನ ಜೊತೆ ಮೆಣಸಿನಕಾಯಿ ಸೀಳುತ್ತಿದ್ದಳು. ಸಂಜೆ ಗಾಡಿಯ ಹಿಂದೆ ನಿಂತು ಕರಿದ ಮಿರ್ಚಿಯನ್ನು ಎಣಿಸಿ ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದಳು. ಯರ್ರೆಪ್ಪ ಕೊಡುವಾಗ ಹತ್ತಕ್ಕೆ ಹನ್ನೊಂದು ಹೋಗುವುದು ರೂಢಿ. ಇವಳು ಹತ್ತೆಂದರೆ ಹತ್ತು. ಬಸ್ಸಿಗೆ ಕಾಯುವವರು ಮೊದಲೆರಡು ದಿನ ಮಿರ್ಚಿಗಿಂತ ಹೆಚ್ಚಾಗಿ ಅವಳನ್ನು ನೋಡಿದರು. ಮೂರನೆಯ ದಿನದಿಂದ, ‘ಬಿಸೇವು ಕೊಡವ್ವ’ ಎಂದು ಅವಳಿಗೇ ಹೇಳತೊಡಗಿದರು. ರಾಗಿ ಮುದ್ದೆ ತಟ್ಟೆಗೆ ಬಿದ್ದ ದಿನ ಅವಳು ಚಪ್ಪಾಳೆ ಹೊಡೆದಳು. ಅವರಲ್ಲಿ ಜೋಳದ ಹಿಟ್ಟಿನದು ಮಾಡುತ್ತಾರಂತೆ, ಬಿಳಿ ಮೆಕ್ಕೆಜೋಳ. ರಾತ್ರಿ ಅವಳ ಕೂದಲಿಗೆ ಎಣ್ಣೆ ಹಚ್ಚಲು ಹೋಗಿ ನಾಗಕ್ಕ ಬಾಚಣಿಗೆಯ ಎರಡು ಹಲ್ಲು ಮುರಿದುಕೊಂಡಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ದೇವರು ತಡವಾಗಿ ಕೊಟ್ಟರೂ ದಂಡಿಯಾಗಿ ಕೊಟ್ಟ ಎಂದು ನಾಗಕ್ಕ ಗಂಡನಿಗೆ ಹೇಳಿದಳು.

ಒಂಬತ್ತನೆಯ ದಿನ ಸಂಜೆ ಪಾಲಾಕ್ಷ ಮತ್ತು ಇಸ್ರಾರ ಒಂದೇ ಬೈಕಿನಲ್ಲಿ ಬಂದು ಗಾಡಿಯ ಮುಂದೆ ನಿಂತರು. ಇಸ್ರಾರ ಮಿರ್ಚಿ ಬೇಡವೆಂದ. ಏನೋ ಕೆಟ್ಟದ್ದಾಗಿದೆ ಎಂದು ನಾಗಕ್ಕನಿಗೆ ಆಗಲೇ ತಿಳಿಯಿತು.

ಆ ದಿನ ಬೆಳಗ್ಗೆ ಠಾಣೆಯ ಎ.ಎಸ್.ಐ. ಗಂಗಾಧರ್ ಅವರು ಶಿವಮ್ಮನ ಮನೆಗೆ ವಿಚಾರಣೆಗೆ ಬಂದಿದ್ದರು. ಅವರು ಭರ್ತಿ ಮಾಡಬೇಕಾದ ಕಾಗದದಲ್ಲಿ ಮುಖ್ಯವಾದದ್ದು ಒಂದೇ ಪ್ರಶ್ನೆ: ಗಂಡ ಹೆಂಡತಿ ಒಟ್ಟಿಗೆ ವಾಸವಾಗಿದ್ದಾರೆಯೇ? ಸುಳ್ಳು ಮದುವೆ ಮಾಡಿಕೊಂಡು ವೀಸಾ ಪಡೆಯುವವರು ಇರುತ್ತಾರಾದ್ದರಿಂದ ಈ ಪ್ರಶ್ನೆ. ಶಿವಮ್ಮ ಅವರಿಗೆ ಚಹಾ ಕೊಟ್ಟು, ಸೊಸೆ ತವರಿಗೆ ಹೋಗಿದ್ದಾಳೆ, ಬರುವುದು ಇನ್ನು ಅಮಾವಾಸ್ಯೆ ಕಳೆದ ಮೇಲೆಯೇ ಎಂದು ಹೆಮ್ಮೆಯಿಂದ ಹೇಳಿದ್ದಳು. ಯಾವ ತವರು ಎಂದು ಅವರು ಬೆಚ್ಚಿ ಕೇಳಿದಾಗ ಹಗರಿಬೊಮ್ಮನಹಳ್ಳಿ ಎಂದಿದ್ದಳು. ಗಂಗಾಧರ್ ಅವರು ಹರಪನಹಳ್ಳಿ ಕಡೆಯವರು, ತಿಳಿದವರು. ಪೆನ್ನಿನ ಮುಚ್ಚಳ ಹಾಕಿದರಂತೆ.

“ನನ್ ಸೊಸೆನೂ ತವರಿಗೆ ಹೋಗ್ಯಾಳಮ್ಮ. ಆಷಾಢ ಅಂದ್ರೆ ಏನು ಅಂತ ನನಗೆ ಗೊತ್ತೈತಿ. ಈ ಕಾಗದಕ್ಕೆ ಗೊತ್ತಿಲ್ಲ,” ಎಂದಿದ್ದರು.

ತಾವು ನೋಡದೆ ಇದ್ದದ್ದನ್ನು ನೋಡಿದೆನೆಂದು ಬರೆಯುವವರು ಅವರಲ್ಲ. ಬರೆಯದೆ ಇಟ್ಟುಕೊಳ್ಳುವಂತೆಯೂ ಇಲ್ಲ, ವರದಿ ಸೋಮವಾರ ಸಂಜೆಗೆ ಹೊಸಪೇಟೆಗೆ ಹೋಗಬೇಕು. ಸೋಮವಾರ ಬೆಳಗ್ಗೆ ಇನ್ನೊಮ್ಮೆ ಬರುತ್ತೇನೆ, ಆಗ ಮನೆಯಲ್ಲಿ ಯಾರಿದ್ದಾರೋ ಅದನ್ನು ಬರೆಯುತ್ತೇನೆ ಎಂದು ಹೇಳಿ ಹೋಗಿದ್ದರು. ಅವತ್ತು ಶುಕ್ರವಾರ. ಹುಡುಗಿಯ ತೊಂಬತ್ತು ದಿನ ಮುಗಿಯುವುದು ಈ ಭಾನುವಾರ ಬಿಟ್ಟು ಮುಂದಿನ ಭಾನುವಾರಕ್ಕೆ.

“ಒಟ್ಟಿಗಿಲ್ಲ ಅಂತ ವರದಿ ಹೋತಂದ್ರ ಅರ್ಜಿ ಬಿದ್ದೋಗತೈತಕ್ಕ,” ಎಂದ ಇಸ್ರಾರ. “ವಾಪಸ್ ಹೋಗಬೇಕು. ಅಲ್ಲಿಂದ ಮತ್ತ ಹೊಸದಾಗಿ ಹಾಕಬೇಕು. ಒಮ್ಮೆ ಬಿದ್ದ ಅರ್ಜಿ ಅಂತ ಅದರಾಗ ಬರದಿರತೈತಿ. ಆರು ತಿಂಗ್ಳೋ, ವರ್ಷನೋ, ನನಗ ಹೇಳಾಕ ಬರಂಗಿಲ್ಲ.”

ನಾಗಕ್ಕನ ಎಣ್ಣೆಯಲ್ಲಿ ಮಿರ್ಚಿ ಕಪ್ಪಾಗುತ್ತಿತ್ತು. ಅವಳಿಗೆ ಕಾಣಲಿಲ್ಲ. ಯರ್ರೆಪ್ಪ ತೂತಿನ ಸೌಟು ತೆಗೆದುಕೊಂಡು ಎತ್ತಿದ. ಬೇಡವೆಂದು ಮೆಲ್ಲಗೆ ಹೇಳಿದ ಹುಡುಗನನ್ನು ಹತ್ತು ಜನರ ಮುಂದೆ ನಗೆಗೀಡು ಮಾಡಿ ಈ ಕೂಸನ್ನು ಕರೆತಂದವಳು ತಾನು. ಮಗಳು ಬೇಕೆಂಬ ಆಸೆಗೆ ಶಾಸ್ತ್ರದ ಹೆಸರು ಹಚ್ಚಿದೆನೇ ಎಂದು ಮನಸ್ಸು ಕೇಳಿತು. ಹೌದು ಎಂದು ಅದೇ ಮನಸ್ಸು ಹೇಳಿತು. ಪಾಲಾಕ್ಷ ಅವಳನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಶಾಸ್ತ್ರ ಸುಟ್ಟುಹೋಗಲಿ, ಈಗಲೇ ಬೈಕ್ ಹತ್ತಿಸಿಕೊಂಡು ಹೋಗು ಎಂದಳು. ಮೂವತ್ತು ವರ್ಷದಲ್ಲಿ ಅವಳ ಬಾಯಿಂದ ಬಾರದ ಮಾತು. ಯರ್ರೆಪ್ಪ ಸೌಟು ಹಿಡಿದವನು ಹಾಗೇ ನಿಂತ. ಪಾಲಾಕ್ಷ ತಲೆಯಾಡಿಸಿದ. ಕರೆದೊಯ್ಯಲೆಂದೇ ಹೊರಟಿದ್ದನಂತೆ, ಅವ್ವ ಬಾಗಿಲಿಗೆ ಅಡ್ಡ ನಿಂತಳಂತೆ. ಆಷಾಢದಲ್ಲಿ ಆಕೆ ಈ ಹೊಸ್ತಿಲು ದಾಟಿದರೆ ನಾನು ಅನ್ನ ನೀರು ಮುಟ್ಟುವುದಿಲ್ಲ ಎಂದಳಂತೆ.

ಮರುದಿನ ಶನಿವಾರ ಬೆಳಗಿನ ರೈಲಿಗೆ ನಾಗಕ್ಕ ಮುತ್ತವ್ವನನ್ನು ಕರೆದುಕೊಂಡು ಕೊಟ್ಟೂರಿಗೆ ಹೋದಳು. ಮನೆಗೆ ಹೋಗುವಂತಿಲ್ಲವಲ್ಲ, ಇಸ್ರಾರನ ಸೆಂಟರಿನಲ್ಲಿ ಸೇರುವುದೆಂದಾಯಿತು. ಜೆರಾಕ್ಸ್ ಮಶೀನಿನ ಪಕ್ಕದ ಬೆಂಚಿನ ಮೇಲೆ ಶಿವಮ್ಮ ಬಂದು ಕುಳಿತಳು, ಪಕ್ಕದಲ್ಲಿ ಅವಳ ಗಂಡ ಚೌಡಣ್ಣ. ಅವನು ಮೆತ್ತನೆಯ ಮನುಷ್ಯ, ಎಲ್ಲಿ ಕೂರಿಸಿದರೂ ಅಲ್ಲೇ ಇರುವವನು. ಮುತ್ತವ್ವ ಅತ್ತೆಯ ಕಾಲು ಮುಟ್ಟಿದಳು. ಶಿವಮ್ಮ ಅವಳ ಗಲ್ಲ ಹಿಡಿದಳು, ಮೈ ಕೈ ಸವರಿದಳು, ಸೊರಗಿದ್ದೀಯಲ್ಲ ಎಂದಳು. ಸೊಸೆಯ ಮೇಲೆ ಅವಳಿಗೆ ಪ್ರೀತಿಯಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಆದರೆ ಹೊಸ್ತಿಲಿನ ಮಾತೆತ್ತಿದೊಡನೆ ಕಲ್ಲಾದಳು.

ನಾಗಕ್ಕ ಬೇಡಿದಳು, ಬೈದಳು, ನಾನೇ ಹೇಳಿದ ಶಾಸ್ತ್ರ ನಾನೇ ಬಿಡುತ್ತೇನೆ, ಬಂದ ಪಾಪ ನನಗಿರಲಿ ಎಂದಳು. ಇಸ್ರಾರ ಗಡಿಯಾರ ನೋಡಿದ. ಹೊರಗೆ ಪಹಣಿಗೆ ಬಂದವರು ಸಾಲು ನಿಂತಿದ್ದರು. ಕೊನೆಗೆ ಶಿವಮ್ಮ ಸೆರಗು ಬಾಯಿಗೆ ಹಿಡಿದು, ಗೆಳತಿಗೂ ಎಂದೂ ಹೇಳದ ಮಾತು ಹೇಳಿದಳು.

“ನನ್ ಮದಿವಿಯಾದ ವರ್ಷ ಬಿತ್ತನಿ ಐತಿ ಅಂತ ನಮ್ಮತ್ತಿ ನನ್ನ ತವರಿಗೆ ಕಳಿಸಲಿಲ್ಲ. ದಸರಕ್ಕ ಆಕಿ ತೀರಿಕೊಂಡ್ಲು. ಜ್ವರ ಬಂದು ತೀರಿಕೊಂಡ್ಲು ನಾಗಿ, ನಾನೇನ್ ಮಾಡಿದ್ನಿ? ಆದ್ರ ಮಂದಿ ಅತ್ತೀನ ನುಂಗಿದಾಕಿ ಅಂತ ಮೂವತ್ತೆರಡು ವರ್ಷ ಅಂದ್ರು. ಇನ್ನೂ ಅಂತಾರ. ನನಗ ಸಾವಿನ ಅಂಜಿಕಿ ಇಲ್ಲ. ನಾಳೆ ನನಗ ಒಂದು ನೆಗಡಿ ಬಂದ್ರೂ ಈ ಹುಡುಗಿ ಮ್ಯಾಲ ಹಾಕ್ತಾರ. ಮೊದಲ ಹೊರಗಿನಾಕಿ. ಆಕಿ ತಡಕೊಳ್ಳಂಗಿಲ್ಲ.”

ಚೌಡಣ್ಣ ನೆಲ ನೋಡಿದ. ಪಾಲಾಕ್ಷ ಅದನ್ನೆಲ್ಲ ಹೆಂಡತಿಗೆ ಅವಳ ಭಾಷೆಯಲ್ಲಿ ಹೇಳಿದ. ಮುತ್ತವ್ವ ಎದ್ದು ಹೋಗಿ ಅತ್ತೆಯ ಪಕ್ಕ ಕುಳಿತು ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ತಾನು ಹೋಗುತ್ತೇನೆ, ಅತ್ತೆಗೆ ನೋವು ಬೇಡ, ಮತ್ತೆ ಬರುತ್ತೇನೆ ಎಂದು ಅರ್ಧ ಕನ್ನಡದಲ್ಲಿ ಅರ್ಧ ಕೈಸನ್ನೆಯಲ್ಲಿ ಹೇಳಿದಳು. ಅವಳು ಅಳಲಿಲ್ಲ. ಅದನ್ನು ನೋಡಿ ನಾಗಕ್ಕನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೂ ತಿಳಿಯದು. ಕಾಗದದ ಮೇಲೆ, ಪಂಚಾಂಗದ ಮೇಲೆ, ಕೊಟ್ಟೂರಿನ ಬಾಯಿಬಡುಕರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಸಿಟ್ಟು ಹತ್ತಿರದಲ್ಲಿದ್ದ ಗೆಳತಿಯ ಮೇಲೆ ಬಿತ್ತು.

“ಅತ್ತಿ ಸೊಸಿ ಒಂದ ಮನ್ಯಾಗ ಇರಬಾರದಂದ್ರ ಸೊಸೀನ ಯಾಕ ಹೊರಗಿರಬೇಕಲೇ ಶಿವಿ? ನೀ ಬಾ ನಮ್ಮನಿಗೆ. ನೀ ಬಂದ್ಬಿಡು ಅತ್ಲಾಗ.”

ಬೈಗುಳವೆಂದೇ ಅಂದದ್ದು. ಬಾಯಿಂದ ಬಿದ್ದ ಮೇಲೆ ಬೆಂಚಿನ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಇಸ್ರಾರನ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಮುತ್ತವ್ವ ಮಾತ್ರ ಅರ್ಥವಾಗದೆ ಗಂಡನ ಕಡೆ ತಿರುಗಿದಳು. ಅವನು ಹೇಳಿದ. ಅವಳು ಪೈಪು ಎಣಿಸುವವಳಂತೆಯೇ ಒಂದು ಬೆರಳು ಮಡಚಿ ಒಂದು ಬೆರಳು ಬಿಚ್ಚಿ ನೋಡಿ, “ಸರಿ ಐತಿ,” ಎಂದಳು.

ಸರಿಯೇ ಇತ್ತು. ಹೊಸ್ತಿಲು ಒಂದೇ ಆಗಬಾರದು ಎಂದಿದೆಯೇ ಹೊರತು ಯಾರು ಒಳಗಿರಬೇಕು ಯಾರು ಹೊರಗಿರಬೇಕು ಎಂದು ಶಾಸ್ತ್ರದಲ್ಲೆಲ್ಲೂ ಇಲ್ಲ, ನಾಗಕ್ಕ ನೆನಪಿನ ಮೂಲೆಯನ್ನೆಲ್ಲ ತಡಕಿದಳು, ಇಲ್ಲ. ಗಂಡ ಹೆಂಡತಿಯೂ ಆಷಾಢದಲ್ಲಿ ಕೂಡಿರಬಾರದು ಎಂಬ ಇನ್ನೊಂದು ಮಾತಿದೆಯಲ್ಲ ಎಂದು ಚೌಡಣ್ಣ ಮೆಲ್ಲಗೆ ಬಾಯಿ ಬಿಟ್ಟ. ಅದು ಸರ್ಕಾರದ ಅಪ್ಪಣೆ, ನೀನು ಅಂಗಳದಲ್ಲಿ ಮಲಗು ಎಂದು ನಾಗಕ್ಕ ಅವನನ್ನು ಅಲ್ಲಿಗೇ ಮುಗಿಸಿದಳು. ಎರಡು ದಿನದ ಹಿಂದೆ ಇದನ್ನು ಯಾರಾದರೂ ಅವಳ ಮುಂದೆ ಅಂದಿದ್ದರೆ ಗಾಡಿಯ ಸೌಟು ಹಾರುತ್ತಿತ್ತು.

ಶಿವಮ್ಮ ಒಪ್ಪಲಿಲ್ಲ. ಎಮ್ಮೆ ಹಾಲು ಕರೆಯುವವರು ಯಾರು? ಸೊಸೆ ಕಲಿಯುತ್ತಾಳೆ. ನೀರು ಬಿಟ್ಟಾಗ ಹಿಡಿಯುವವರು ಯಾರು? ನೀರಿನ ಸಮಿತಿಯಲ್ಲಿದ್ದವಳಿಗೆ ಅದನ್ನು ಹೇಳಿಕೊಡಬೇಕೇ? ಅಡುಗೆ, ಕಸ, ದೇವರ ದೀಪ? ಒಂದೊಂದಕ್ಕೂ ನಾಗಕ್ಕ ಉತ್ತರ ಕೊಟ್ಟಳು. ಎಲ್ಲ ಮುಗಿದ ಮೇಲೆ ಶಿವಮ್ಮ, ಈ ವಯಸ್ಸಿನಲ್ಲಿ ಗಂಟು ಕಟ್ಟಿಕೊಂಡು ಹೊರಟರೆ ಮಂದಿ ಏನಂದಾರು ಎಂದಳು. ಮಂದಿಗೆ ತವರಿಗೆ ಹೊರಟೆ ಅನ್ನು ಎಂದಳು ನಾಗಕ್ಕ.

ಆ ದಿನ ಸಂಜೆಯ ಬಸ್ಸಿಗೆ ಶಿವಮ್ಮ ಗೆಳತಿಯ ಜೊತೆ ಹೊರಟಳು. ಅವಳು ಮನೆಯಿಂದ ಹೊರಗೆ ಬಂದು ಓಣಿಯ ತಿರುವು ದಾಟುವವರೆಗೆ ಕಾದು, ಆಮೇಲೆ ಮುತ್ತವ್ವ ಬಲಗಾಲಿಟ್ಟು ಒಳಗೆ ಹೋದಳು.

ಸೋಮವಾರ ನಾಗಕ್ಕ ಗಾಡಿ ಇಡಲಿಲ್ಲ. ಇಬ್ಬರೂ ಅಂಗಳದಲ್ಲಿ ಮೊಬೈಲನ್ನು ನಡುವೆ ಇಟ್ಟುಕೊಂಡು ಕುಳಿತರು. ಯರ್ರೆಪ್ಪ ಚಹಾ ಮಾಡಿಕೊಟ್ಟ, ಯಾರೂ ಕುಡಿಯಲಿಲ್ಲ. ಹನ್ನೊಂದು ಗಂಟೆಗೆ ಪಾಲಾಕ್ಷನ ಫೋನು ಬಂತು. ಗಂಗಾಧರ್ ಅವರು ಬಂದಾಗ ಮುತ್ತವ್ವ ಎಮ್ಮೆಯ ಕೆಚ್ಚಲಿಗೆ ಕೈ ಹಾಕಿ ಹೋರಾಡುತ್ತಿದ್ದಳಂತೆ, ಪಾಲಾಕ್ಷ ಎಮ್ಮೆಯ ಕೊಂಬು ಹಿಡಿದಿದ್ದನಂತೆ. ಅವರು ಒಳಗೆ ಬಂದು ಒಣಗಹಾಕಿದ ಬಟ್ಟೆ ನೋಡಿದರು, ಕೋಣೆ ನೋಡಿದರು, ನೆರೆಯವರನ್ನು ಕೇಳಿದರು. ಆಮೇಲೆ ಅತ್ತೆ ಎಲ್ಲಿ ಎಂದರು. ಮುತ್ತವ್ವ, ಅತ್ತೆ ತವರಿಗೆ ಹೋಗಿದ್ದಾಳೆ ಎಂದಳು. ಅವರಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಣ್ಣೀರು ಬರುವಷ್ಟು ನಕ್ಕರಂತೆ. ಆಮೇಲೆ ಪೆನ್ನು ತೆಗೆದು, ಗಂಡ ಹೆಂಡತಿ ಒಟ್ಟಿಗೆ ವಾಸವಾಗಿದ್ದಾರೆ, ಕಣ್ಣಾರೆ ಕಂಡಿದ್ದೇನೆ ಎಂದು ಬರೆದರು.

ಶುಕ್ರವಾರ ಮಧ್ಯಾಹ್ನ ಇಸ್ರಾರ ಫೋನು ಮಾಡಿದ. ಒಪ್ಪಿಗೆಯಾಗಿದೆ, ಹೆಂಡತಿಯೆಂದು ವೀಸಾ ಬಂದಿದೆ, ಅದರ ಕಾಗದ ಮಶೀನಿನಿಂದ ಹೊರಗೆ ಬರುತ್ತಾ ಇದೆ ಅಕ್ಕ ಎಂದ. ನಾಗಕ್ಕ ನಿಂತಲ್ಲೇ ಆ ಹುಡುಗನಿಗೆ ನೂರು ವರ್ಷ ಆಯುಷ್ಯ ಕೊಟ್ಟಳು, ಗಂಗಾಧರ್ ಅವರ ಮಕ್ಕಳು ಮೊಮ್ಮಕ್ಕಳಿಗೆ ಒಳ್ಳೆಯದಾಗಲಿ ಎಂದಳು, ಕೀನ್ಯಾದ ಆ ತಾಯಿಯ ಹೊಟ್ಟೆ ತಣ್ಣಗಿರಲಿ ಎಂದಳು. ಮಾಡಿದ ತಪ್ಪಿಗೆ ಇಷ್ಟು ಜನ ಹೆಗಲು ಕೊಡುತ್ತಾರೆಂದು ಅವಳು ಎಣಿಸಿರಲಿಲ್ಲ. ಅವತ್ತು ಗಾಡಿಯಲ್ಲಿ ಮೊದಲ ಐವತ್ತು ಮಿರ್ಚಿ ಪುಕ್ಕಟೆ ಹಂಚಿದಳು, ಯಾಕೆಂದು ಕೇಳಿದವರಿಗೆ ನನ್ನ ಮಗಳು ಊರಲ್ಲೇ ಉಳಿದಳು ಎಂದಳು.

ಇನ್ನು ಶಿವಮ್ಮ ಊರಿಗೆ ಹೋಗಬಹುದಿತ್ತೇನೋ. ಸೊಸೆಯನ್ನು ಇಲ್ಲಿಗೆ ಕಳಿಸಿ ಅದಲುಬದಲು ಮಾಡಿಕೊಳ್ಳಬಹುದಿತ್ತು. ಅವಳು ಆ ಮಾತೆತ್ತಲಿಲ್ಲ, ನಾಗಕ್ಕನೂ ಎತ್ತಲಿಲ್ಲ. ಮೊದಲ ನಾಲ್ಕು ದಿನ ಶಿವಮ್ಮ ಐದಕ್ಕೇ ಎದ್ದು ಕಸಬರಿಗೆ ಹುಡುಕಿದಳು. ನಾಗಕ್ಕ ಅದನ್ನು ಅಟ್ಟದ ಮೇಲಿಟ್ಟಳು. ಐದನೆಯ ದಿನ ಶಿವಮ್ಮ ಏಳು ಗಂಟೆಯವರೆಗೆ ಮಲಗಿದಳು. ನಾಗಕ್ಕ ನೀರು ಕಾಯಿಸಿಟ್ಟು, ಎಣ್ಣೆ ಹಚ್ಚಿ ಎರೆದಾಗ, ಬೆನ್ನು ತಿಕ್ಕಿಸಿಕೊಳ್ಳುತ್ತಾ ತಾನಾಗಿ ಬಾಯಿ ಬಿಟ್ಟಳು. ಅವ್ವ ಸತ್ತ ಮೇಲೆ ತಮ್ಮನೊಡನೆ ಮಾತು ನಿಂತಿತು. ಪಂಚಮಿಗೆ ಅವನು ಕರೆಯಲು ಬಂದು ಹದಿನೆಂಟು ವರ್ಷವಾಯಿತು. ಪ್ರತಿ ವರ್ಷ ಓಣಿಯ ಹೆಂಗಸರು ತವರಿಗೆ ಹೊರಟಾಗ ತಾನು ಎಮ್ಮೆಗೆ ಹುಲ್ಲಿನ ನೆವ ಹೇಳಿ ಹೊಲಕ್ಕೆ ಹೋಗಿಬಿಡುತ್ತಿದ್ದೆ ಎಂದಳು. ನಾಗಕ್ಕ ಇನ್ನೊಂದು ಚೊಂಬು ಬಿಸಿನೀರು ಹಾಕಿದಳು.

ಅಮಾವಾಸ್ಯೆ ಕಳೆದ ಮರುದಿನ, ಶ್ರಾವಣದ ಮೊದಲ ದಿನ, ಮುತ್ತವ್ವ ಒಬ್ಬಳೇ ರೈಲಿಳಿದು ಬಂದಳು. ತವರಿಗೆ ಹೋದವರನ್ನು ಗಂಡನ ಮನೆಯವರು ಬುತ್ತಿ ಕಟ್ಟಿಕೊಂಡು ಕರೆಯಲು ಬರಬೇಕೆಂದು ಯಾರೋ ಅವಳಿಗೆ ಹೇಳಿಕೊಟ್ಟಿದ್ದರು. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಗಳು ಒಂದೊಂದು ಒಂದೊಂದು ದೇಶದ ನಕ್ಷೆಯ ಹಾಗಿದ್ದವು. ಎಣಿಸಿ ಇಪ್ಪತ್ತೊಂದು ತಂದಿದ್ದಳು. ಅತ್ತೆಯ ಮುಂದೆ ಗಂಟನ್ನಿಟ್ಟು, “ಅತ್ತಿ, ಕರಿಯಾಕ ಬಂದೀನಿ,” ಎಂದಳು.

ಶಿವಮ್ಮ ಗಂಟು ಬಿಚ್ಚಿದಳು, ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು, ಅಗಿಯುತ್ತಲೇ ಅತ್ತಳು. ನಾಗಕ್ಕನಿಗೆ ಬೇರೇನೂ ತೋಚಲಿಲ್ಲ. ಪಂಚಮಿಗೆ ನಾಲ್ಕೇ ದಿನವಿದೆ, ಎರಡು ಹೆಣ್ಣುಮಕ್ಕಳು ಮನೆಯಲ್ಲಿರುವಾಗ ಹಬ್ಬದ ಮುಂದೆ ಕಳಿಸುವ ತವರು ನಮ್ಮದಲ್ಲ, ಇಬ್ಬರೂ ಇಲ್ಲೇ ಇರಿ ಎಂದಳು. ಯರ್ರೆಪ್ಪ ಯಾರೂ ಹೇಳದೆಯೇ ಜೋಕಾಲಿಗೆ ಹಗ್ಗ ತರಲು ಚಪ್ಪಲಿ ಮೆಟ್ಟಿದ.

ಸಂಜೆ ಕೊಟ್ಟೂರಿನಿಂದ ಚೌಡಣ್ಣನ ಫೋನು ಬಂತು. ರೈಲು ಬಂದು ಹೋಗಿ ಬಹಳ ಹೊತ್ತಾಯಿತು, ಇಬ್ಬರೂ ಎಲ್ಲಿದ್ದೀರಿ, ಯಾವಾಗ ಬರುತ್ತೀರಿ ಎಂದು ಕೇಳುತ್ತಿದ್ದ. ಶಿವಮ್ಮ ಫೋನು ಹಿಡಿದು ಅಂಗಳಕ್ಕೆ ಹೋದಳು. ಅಕ್ಕಪಕ್ಕದ ನಾಲ್ಕು ಮನೆಗೆ ಕೇಳುವಷ್ಟು ಗಟ್ಟಿಯಾಗಿ ಉತ್ತರ ಕೊಟ್ಟಳು.

“ತವರಾಗ ಅದೀನ್ರಿ. ಪಂಚಮಿ ಮುಗಿಸ್ಕೊಂಡು ಬರ್ತೀನಿ.”

ನಾಗಕ್ಕ ಒಳಗೆ ಪಂಚಮಿಯ ಉಂಡಿಗೆ ಬೆಲ್ಲ ಕುಟ್ಟುತ್ತಿದ್ದವಳು ಅದನ್ನು ಕೇಳಿದಳು. ಹಗ್ಗ ತಂದು ಜೋಕಾಲಿ ಕಟ್ಟುತ್ತಿದ್ದ ಯರ್ರೆಪ್ಪನನ್ನು ಕೂಗಿ, ಇನ್ನೂ ಎರಡು ಸೇರು ಶೇಂಗಾ ತರಲು ಹೇಳಿದಳು.